ಹರಿದ ವಸ್ತ್ರ: ಜೇಡರ ದಾಸಿಮಯ್ಯನ ನೆಯ್ಗೆಯೂ ನುಡಿಯೂ

೧

ವಚನಕಾರರಲ್ಲಿ ಹಲವರ ಹೆಸರಿನ ಹಿಂದೆ ಅವರ ಕಸಬಿನ ಹೆಸರು ನಿಂತಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸೂಜಿಕಾಯಕದ ರಾಮಿತಂದೆ, ಜೇಡರ ದಾಸಿಮಯ್ಯ ಎಂಬೀ ಹೆಸರುಗಳನ್ನು ಓದುವಾಗ ಸಾಹಿತ್ಯಚರಿತ್ರಕಾರರು ಸಾಮಾನ್ಯವಾಗಿ ಆ ವಿಶೇಷಣವನ್ನು ಜೀವನವೃತ್ತಾಂತದ ಒಂದು ಅಂಶವೆಂದು ಗುರುತಿಸಿ ಮುಂದೆ ಸಾಗುತ್ತಾರೆ. ಕವಿಯು ಹೊಟ್ಟೆಪಾಡಿಗೆ ಬಟ್ಟೆ ನೆಯ್ದನು, ಆತ್ಮದ ಪಾಡಿಗೆ ವಚನ ನುಡಿದನು ಎಂಬ ಹಂಚಿಕೆ ಅವರ ಮನಸ್ಸಿನಲ್ಲಿರುವಂತೆ ತೋರುತ್ತದೆ. ಈ ಹಂಚಿಕೆಯು ದಾಸಿಮಯ್ಯನ ವಿಷಯದಲ್ಲಿ ನಿಲ್ಲತಕ್ಕುದೇ ಎಂಬುದು ವಿಚಾರಾರ್ಹ. ಆತನ ವಚನಗಳನ್ನೂ, ಆತನನ್ನು ಕುರಿತು ಬೆಳೆದ ಕಥೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮಗ್ಗವು ಆತನ ಬದುಕಿಗೆ ಹೇಗೋ ಹಾಗೆಯೇ ವಿಚಾರಕ್ಕೂ ಆಧಾರವಾಗಿತ್ತೆಂಬುದು ಸ್ಪಷ್ಟವಾಗುವುದು. ಅಷ್ಟು ಮಾತ್ರವಲ್ಲ, ಉಡುಗೆಯನ್ನು ಮಾಡುವವನೇ ಉಡುಗೆಯ ಅರ್ಥವನ್ನು ಪ್ರಶ್ನಿಸಿದರೆ ಏನಾಗುವುದೆಂಬ ಪ್ರಶ್ನೆಗೆ ಕನ್ನಡವು ಕೊಟ್ಟ ಮೊದಲ ದೊಡ್ಡ ಉತ್ತರವು ಈತನಲ್ಲಿ ದೊರೆಯುತ್ತದೆ.

ಈ ಪ್ರಶ್ನೆ ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಇಪ್ಪತ್ತನೆಯ ಶತಮಾನದ ಯೂರೋಪಿನಲ್ಲಿಯೂ ಜಪಾನಿನಲ್ಲಿಯೂ ವಸ್ತ್ರವಿನ್ಯಾಸಕರೆಂಬ ಕಲಾವಿದರು ಉಡುಗೆಯನ್ನೇ ಆಯುಧವನ್ನಾಗಿ ಹಿಡಿದು, ನೋಡುವವರ ಸಭ್ಯತೆಯನ್ನು ಕೆಣಕಿದರು. ಅವರಲ್ಲಿ ಮೂವರು ಬಟ್ಟೆಯ ಹರಿಕನ್ನೇ ತಮ್ಮ ಕಲೆಯ ಮುಖ್ಯ ಸಾಧನವನ್ನಾಗಿ ಮಾಡಿಕೊಂಡರು. ದಾಸಿಮಯ್ಯನ ಕಥೆಯ ನಡುವಿನಲ್ಲಿರುವುದೂ ಒಂದು ಹರಿದ ವಸ್ತ್ರವೇ. ಈ ಸಾಮ್ಯವು ಹೊರಗಣದೋ ಒಳಗಣದೋ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ದಾಸಿಮಯ್ಯನ ಊರು ಮುದನೂರು. ಅದು ಹಿಂದಿನ ಸುರಪುರ ತಾಲ್ಲೂಕಿಗೆ ಸೇರಿದ್ದು, ಇಂದು ಯಾದಗಿರಿ ಜಿಲ್ಲೆಯಲ್ಲಿದೆ. ಅಲ್ಲಿಯ ರಾಮನಾಥನೇ ಆತನ ವಚನಗಳ ಅಂಕಿತ. ಕೃಷ್ಣೆಯ ಉತ್ತರಕ್ಕೆ ಸುರಪುರದ ಸೀಮೆ, ದಕ್ಷಿಣಕ್ಕೆ ದೇವದುರ್ಗದ ಸೀಮೆ. ತಿಂಥಣಿಯ ಸೇತುವೆಯನ್ನು ದಾಟಿದರೆ ಒಂದರಿಂದ ಇನ್ನೊಂದಕ್ಕೆ ಬಂದಂತಾಯಿತು. ದೇವದುರ್ಗದಿಂದ ತೆಂಕಲಿಗೆ ಮಾನ್ವಿ, ಮೂಡಲಿಗೆ ರಾಯಚೂರು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಎಡೆದೊರೆನಾಡಿನ ಎರೆಯ ಹೊಲಗಳಲ್ಲಿ ಹತ್ತಿಯು ಬಹುಕಾಲದ ಬೆಳೆ. ರಾಯಚೂರಿನ ಹತ್ತಿಯ ಮಾರುಕಟ್ಟೆಯು ಹೆಸರಾದುದು. ತುಂಗಭದ್ರೆಯ ಅಣೆಕಟ್ಟು ೧೯೫೩ರಲ್ಲಿ ಮುಗಿದು, ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಮಾನ್ವಿಯ ಕಡೆ ಬತ್ತದ ಗದ್ದೆಗಳು ಹೆಚ್ಚಿದವು; ಆದರೂ ಎರೆಯೂ ಅರಳೆಯೂ ಈ ನಾಡಿನ ಗುರುತುಗಳಾಗಿ ಉಳಿದೇ ಇವೆ. ನೂಲಿನ ಮಾತು ಇಲ್ಲಿಯವರಿಗೆ ದೂರದ್ದಲ್ಲ.

ಕವಿಯ ಕಾಲ ಮತ್ತು ವ್ಯಕ್ತಿತ್ವಗಳನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಚಾಲುಕ್ಯ ಎರಡನೆಯ ಜಯಸಿಂಹನ ರಾಣಿ ಸುಗ್ಗಲದೇವಿಗೆ ಗುರುವಾದವನು ಈತನೇ ಎಂದು ಹಿಡಿದು ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಇರಿಸುವವರುಂಟು. ರಾಜಗುರುವಾದ ದೇವರ ದಾಸಿಮಯ್ಯನು ಬೇರೆ, ವಚನಕಾರನಾದ ಜೇಡರ ದಾಸಿಮಯ್ಯನು ಬೇರೆ ಎಂದು ಬಗೆದು ಎರಡನೆಯವನನ್ನು ಹನ್ನೆರಡನೆಯ ಶತಮಾನಕ್ಕೆ ತರುವವರೂ ಉಂಟು. ಈ ವಿವಾದದ ತೀರ್ಮಾನವು ಶಾಸನತಜ್ಞರಿಗೆ ಬಿಟ್ಟುದು. ರಾಮನಾಥಾಂಕಿತದ ವಚನಗಳು ಒಬ್ಬ ನೆಯ್ಗೆಯವನ ನುಡಿಗಳೆಂಬುದು ಮಾತ್ರ ವಚನಗಳಿಂದಲೇ ತಿಳಿಯುವ ಸಂಗತಿ. ವಿಮರ್ಶೆಗೆ ಅಷ್ಟೇ ಸಾಕು. ‘ಜೇಡ’ ಎಂಬ ಮಾತಿಗೆ ಕನ್ನಡದಲ್ಲಿ ನೆಯ್ಗೆಯವನೆಂದೂ, ಬಲೆ ನೆಯ್ಯುವ ಹುಳುವೆಂದೂ ಎರಡು ಅರ್ಥಗಳುಂಟು. ಜೇಡನು ನೂಲನ್ನು ಹೊರಗಿನಿಂದ ತರುವುದಿಲ್ಲ, ತನ್ನೊಳಗಿನಿಂದಲೇ ತೆಗೆಯುತ್ತದೆ. ದಾಸಿಮಯ್ಯನ ವಿಶೇಷಣದಲ್ಲಿ ಈ ಎರಡನೆಯ ಅರ್ಥವೂ ಅರಿಯದೆ ಬಂದು ಕೂತಿರುವುದು ಆಕಸ್ಮಿಕವಾದರೂ ಸೊಗಸಾದುದು.

೩

ಆತನ ಒಂದು ವಚನವು ಪೂರ್ತಿಯಾಗಿ ಮಗ್ಗದ ಮುಂದೆಯೇ ನಡೆಯುತ್ತದೆ. ಹಾಸಿನ ನೂಲನ್ನು ಬಿಡಿಸಿ ಹದಗೊಳಿಸುವ ಉಂಕೆಯ ಕೆಲಸದಿಂದ ಅದು ಮೊದಲಾಗುತ್ತದೆ. ಎಳೆಗಳನ್ನು ಸಮಮಾಡುವುದು, ಅಣಿಗಳನ್ನು ತುಳಿಯುವುದು, ಲಾಳಿಯನ್ನು ಹಿಡಿಯುವುದು ಒಂದಾದ ಮೇಲೊಂದು ಬರುತ್ತವೆ. ಲಾಳಿಯ ಮುಳ್ಳು ಕಂಡಿಕೆಯನ್ನೇ ನುಂಗಿತೆಂಬ ಬೆಡಗಿನ ಮಾತಾಗುತ್ತದೆ. ಕಡೆಗೆ, ಈ ಸೀರೆಯನ್ನು ನೆಯ್ದವರು ಯಾರು, ತಾನೋ ರಾಮನಾಥನೋ ಎಂಬ ಪ್ರಶ್ನೆಯಲ್ಲಿ ವಚನವು ನಿಲ್ಲುತ್ತದೆ.

ಇದನ್ನು ಬರಿಯ ರೂಪಕವೆಂದು ಓದುವವರು ಹೆಚ್ಚು. ಉಂಕೆಯೆಂದರೆ ದೇಹ, ಲಾಳಿಯೆಂದರೆ ಪ್ರಾಣ ಎಂಬಂತೆ ಒಂದೊಂದಕ್ಕೂ ಒಂದೊಂದು ತತ್ತ್ವವನ್ನು ಹೊಂದಿಸಿ ಟೀಕೆ ಬರೆಯುವ ಪದ್ಧತಿಯು ಹಳೆಯದೇ. ಆದರೆ ವಚನದ ನಡೆಯನ್ನು ಗಮನಿಸಿದರೆ ಈ ಓದು ಸಾಲದೆಂಬುದು ಕಾಣುತ್ತದೆ. ಇಲ್ಲಿ ಬರುವ ಹೆಸರುಗಳೆಲ್ಲ ಕೆಲಸದ ಅನುಕ್ರಮದಲ್ಲಿಯೇ ಬರುತ್ತವೆ. ಒಂದು ಹೆಜ್ಜೆ ತಪ್ಪಿದರೆ ಬಟ್ಟೆಯಾಗದು. ತತ್ತ್ವವನ್ನು ಮೊದಲು ಇಟ್ಟುಕೊಂಡು ಅದಕ್ಕೆ ಉಪಮಾನ ಹುಡುಕುವ ಕವಿಯು ಇಷ್ಟು ಎಚ್ಚರಿಕೆಯಿಂದ ಕಸಬಿನ ಕ್ರಮವನ್ನು ಕಾಯುವುದಿಲ್ಲ. ಕಡೆಯ ಪ್ರಶ್ನೆಯು ಕೆಲಸದೊಳಗಿನಿಂದಲೇ ಹುಟ್ಟಿದುದು. ಕೈ ಪಳಗಿದ ನೆಯ್ಗೆಯವನಿಗೆ ಲಾಳಿಯ ಓಟವು ತನ್ನ ಇಚ್ಛೆಯನ್ನು ಕಾಯದೆ ತಾನಾಗಿ ಸಾಗುವ ಒಂದು ಗಳಿಗೆ ಬರುತ್ತದೆ. ಆಗ ಕರ್ತೃ ಯಾರೆಂಬ ಸಂಶಯವು ವೇದಾಂತದ ಪಾಠವಿಲ್ಲದೆಯೇ ಏಳುವುದು ಸಹಜ. ಲಾಳಿ, ಕಂಡಿಕೆ ಎಂಬ ಮಾತುಗಳು ಇಂದಿಗೂ ನೇಕಾರರ ಬಾಯಲ್ಲಿ ಬದುಕಿವೆ. ಕಾಲೇಜಿನ ತರಗತಿಯಲ್ಲಿ ಈ ವಚನಕ್ಕೆ ತತ್ತ್ವಾರ್ಥವನ್ನು ಮಾತ್ರ ಹೇಳಿ, ಉಂಕೆಯೆಂದರೇನೆಂಬುದನ್ನು ತೋರಿಸದೆ ಬಿಟ್ಟರೆ ವಚನದ ಅರ್ಧವೇ ಬಿಟ್ಟುಹೋದಂತೆ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕಲಾಕೃತಿಗೆ ತನ್ನ ಹೆಸರಿನ ಮುದ್ರೆಯೊತ್ತುವುದು ವಸ್ತ್ರವಿನ್ಯಾಸಕನ ಮೊದಲ ಹಕ್ಕೆಂದು ಇಂದಿನ ಲೋಕವು ಭಾವಿಸುತ್ತದೆ. ಅಂಗಿಯ ಕೊರಳಪಟ್ಟಿಯಲ್ಲಿ ಹೊಲಿದ ಹೆಸರೇ ಅದರ ಬೆಲೆಯ ಬಹುಭಾಗ. ದಾಸಿಮಯ್ಯನು ಆ ಮುದ್ರೆಯ ಎಡೆಯಲ್ಲಿ ಒಂದು ಪ್ರಶ್ನೆಯನ್ನು ಇಡುತ್ತಾನೆ. ಅಂಕಿತವು ರಾಮನಾಥನದು, ನೆಯ್ದವನಾರೋ ತಿಳಿಯದು. ಮುಂದೆ ಬರುವ ಹರಿದ ವಸ್ತ್ರದ ಕಥೆಗೆ ಈ ವಚನವೇ ಬೀಜವೆಂದು ಹೇಳಬಹುದು.

೪

ದಾಸಿಮಯ್ಯನ ಅತ್ಯಂತ ಪ್ರಸಿದ್ಧವಾದ ವಚನಗಳಲ್ಲಿ ಒಂದು ಹೆಣ್ಣುಗಂಡುಗಳ ಭೇದವನ್ನು ಕುರಿತದ್ದು. ಮೈಯಲ್ಲಿ ಕಾಣುವ ಕೆಲವು ಗುರುತುಗಳಿಂದ ಲೋಕವು ಒಬ್ಬರನ್ನು ಹೆಣ್ಣೆಂದೂ ಒಬ್ಬರನ್ನು ಗಂಡೆಂದೂ ಕರೆಯುತ್ತದೆ, ನಡುವೆ ಸುಳಿಯುವ ಆತ್ಮವಾದರೋ ಎರಡೂ ಅಲ್ಲ ಎಂಬುದು ಅದರ ತಾತ್ಪರ್ಯ. ಇದನ್ನು ಸಮತಾವಾದದ ಘೋಷಣೆಯೆಂದು ಉದಾಹರಿಸುವುದು ವಾಡಿಕೆಯಾಗಿದೆ. ಆದರೆ ಅದನ್ನು ನುಡಿದವನು ಸೀರೆ ನೆಯ್ಯುವವನೆಂಬುದನ್ನು ನೆನೆದಾಗ ಮಾತಿನ ತೂಕವು ಬೇರೆಯಾಗುತ್ತದೆ. ಹೆಣ್ಣಿಗೆ ಒಂದು ಉಡುಗೆ, ಗಂಡಿಗೆ ಒಂದು ಉಡುಗೆ. ಒಡೆಯನಿಗೆ ಒಂದು ಅಂಚು, ಆಳಿಗೆ ಒಂದು ಅಂಚು. ಇವೆಲ್ಲವನ್ನೂ ಬೇರೆಬೇರೆ ಮಾಡಿ ನೆಯ್ದುಕೊಡುವುದೇ ನೇಕಾರನ ಜೀವನೋಪಾಯ. ಲೋಕದ ಭೇದಗಳಿಂದ ಅನ್ನ ಪಡೆಯುವವನೇ ಆ ಭೇದಗಳು ಮೇಲುಮೇಲಿನವೆಂದು ಸಾರುವುದರಲ್ಲಿ ಒಂದು ಬಗೆಯ ಧೈರ್ಯವಿದೆ. ತನ್ನ ಸರಕಿನ ಬೆಲೆಯನ್ನು ತಾನೇ ಇಳಿಸುವ ವರ್ತಕನ ಧೈರ್ಯವದು.

ಇಲ್ಲಿ ಒಂದು ಆಕ್ಷೇಪ ಬರಬಹುದು: ವಚನದಲ್ಲಿ ಹೇಳಿರುವುದು ಮೈಯ ಗುರುತುಗಳನ್ನೇ ಹೊರತು ಬಟ್ಟೆಯನ್ನಲ್ಲ, ನೆಯ್ಗೆಯನ್ನು ಅದರೊಳಗೆ ತರುವುದು ವಿಮರ್ಶಕನ ಕಲ್ಪನೆ ಎಂದು. ಆಕ್ಷೇಪವು ಅಕ್ಷರಶಃ ಸರಿ. ಆದರೆ ಮೈಯ ಗುರುತನ್ನೇ ಉಡುಗೆಯಂತೆ ಹೊರಗಣದೆಂದು ಕಾಣುವ ಆ ದೃಷ್ಟಿಯು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಹೊದ್ದದ್ದು ಬೇರೆ, ಹೊದ್ದವನು ಬೇರೆ ಎಂಬ ವಿವೇಕವು ವಸ್ತ್ರಕಾರನಿಗೆ ದಿನದಿನದ ಅನುಭವ. ಆತನು ಅದನ್ನು ಒಂದು ಹೆಜ್ಜೆ ಒಳಕ್ಕೆ ಒಯ್ದು, ಬಟ್ಟೆಯ ಬಗೆಗೆ ಹೇಳಬಹುದಾದುದನ್ನು ಮೈಯ ಬಗೆಗೆ ಹೇಳಿದನು.

ಅಕ್ಕಮಹಾದೇವಿಯೊಡನೆ ಹೋಲಿಸಿದಾಗ ಈ ಮಾರ್ಗದ ವಿಶೇಷವು ತಿಳಿಯುವುದು. ಅಕ್ಕನು ಉಡುಗೆಯನ್ನೇ ತೊರೆದಳು. ಆಕೆಯ ನಿರಾಕರಣೆಯು ಎಲ್ಲರ ಕಣ್ಣಿಗೆ ಕಾಣುವಂತಹುದು, ಆದುದರಿಂದಲೇ ಭಯಂಕರವಾದುದು. ದಾಸಿಮಯ್ಯನು ಮಗ್ಗದಿಂದ ಏಳಲಿಲ್ಲ. ದುಗ್ಗಳೆಯೊಡನೆ ಸಂಸಾರ ಮಾಡಿದನು, ಆಕೆಯನ್ನು ಕೈಹಿಡಿದುದರಿಂದ ತನ್ನ ಬಾಳು ಹಸನಾಯಿತೆಂದು ವಚನದಲ್ಲಿಯೇ ಒಪ್ಪಿಕೊಂಡನು. ದುಗ್ಗಳೆಯೂ ಗಂಡನ ಹೆಸರನ್ನು ಅಂಕಿತದೊಳಗೆ ಸೇರಿಸಿ ವಚನ ಹೇಳಿದಳು. ಒಬ್ಬಳು ಬಟ್ಟೆಯನ್ನು ಬಿಟ್ಟು ಹೇಳಿದುದನ್ನು ಇನ್ನೊಬ್ಬನು ಬಟ್ಟೆಯನ್ನು ನೆಯ್ಯುತ್ತಲೇ ಹೇಳಿದನು. ಸಾಹಿತ್ಯವಿಮರ್ಶೆಯು ಮೊದಲನೆಯದನ್ನು ಬೆರಗಿನಿಂದ ಕಂಡಷ್ಟು ಎರಡನೆಯದನ್ನು ಕಂಡಿಲ್ಲ.

೫

ಇನ್ನು ಕಥೆ. ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, ೧೩೬೯ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣದ ಪರಂಪರೆಯಲ್ಲಿಯೂ ಇದು ಬೆಳೆದುಬಂದಿದೆ. ವಿವರಗಳು ಬೇರೆಬೇರೆಯಾದರೂ ತಿರುಳು ಒಂದೇ. ದಾಸಿಮಯ್ಯನು ಬಹುಕಾಲ ಶ್ರಮಿಸಿ ಅಸಾಧಾರಣವಾದ ಒಂದು ವಸ್ತ್ರವನ್ನು ನೆಯ್ಯುತ್ತಾನೆ. ಮಾರಲೊಯ್ದರೆ ಅದು ಮಾರಾಟವಾಗದು. ಹಿಂದಿರುಗುವ ದಾರಿಯಲ್ಲಿ ಶಿವನು ಜಂಗಮವೇಷದಿಂದ ಬಂದು ಬೇಡುತ್ತಾನೆ, ದಾಸಿಮಯ್ಯನು ಕೊಡುತ್ತಾನೆ. ಜಂಗಮನು ಅದನ್ನು ಕೊಟ್ಟವನ ಕಣ್ಣೆದುರಿಗೇ ಹರಿದು ಚೂರುಮಾಡುತ್ತಾನೆ. ದಾಸಿಮಯ್ಯನು ನೊಂದುಕೊಳ್ಳುವುದಿಲ್ಲ. ಮೆಚ್ಚಿದ ಶಿವನು ಎಷ್ಟು ತೆಗೆದರೂ ತೀರದ ಧಾನ್ಯದ ತವನಿಧಿಯನ್ನು ಅನುಗ್ರಹಿಸುತ್ತಾನೆ.

ಹರಿದ ಬಟ್ಟೆಯನ್ನು ಕಲೆಯನ್ನಾಗಿಸಿದ ಮೂವರು ಆಧುನಿಕರನ್ನು ಇದರ ಪಕ್ಕದಲ್ಲಿ ನಿಲ್ಲಿಸಬಹುದು. ರೋಮಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಹೆಸರಾದ ಎಲ್ಸಾ ಸ್ಕಿಯಾಪರೆಲ್ಲಿ (೧೮೯೦–೧೯೭೩) ೧೯೩೮ರಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿಯೊಡನೆ ಕೂಡಿ ಒಂದು ಸಂಜೆಯ ನಿಲುವಂಗಿಯನ್ನು ಮಾಡಿದಳು. ಮೈಚರ್ಮ ಸೀಳಿದಂತೆ ತೋರುವ ಹರಿಕುಗಳನ್ನು ಅದರ ಮೇಲೆ ಅಚ್ಚೊತ್ತಲಾಗಿತ್ತು; ಬಟ್ಟೆ ಮಾತ್ರ ಇಡಿಯಾಗಿಯೇ ಇತ್ತು. ಇಂಗ್ಲೆಂಡಿನ ವಿವಿಯನ್ ವೆಸ್ಟ್‌ವುಡ್ (೧೯೪೧–೨೦೨೨) ೧೯೭೧ರಿಂದ ಮಾಲ್ಕಮ್ ಮೆಕ್‌ಲಾರೆನ್‌ನೊಡನೆ ಲಂಡನ್ನಿನ ಕಿಂಗ್ಸ್ ರೋಡಿನ ೪೩೦ನೆಯ ಸಂಖ್ಯೆಯ ಅಂಗಡಿಯನ್ನು ನಡೆಸಿ, ನಿಜವಾಗಿಯೇ ಹರಿದು ಪಿನ್ನು ಚುಚ್ಚಿದ ಅಂಗಿಗಳನ್ನು ತೊಡಿಸಿ, ಕೆಲಸವಿಲ್ಲದ ತರುಣರ ಕೋಪಕ್ಕೆ ಒಂದು ವೇಷವನ್ನು ಕೊಟ್ಟಳು. ಜಪಾನಿನ ರೇ ಕವಾಕುಬೊ ೧೯೮೨ರಲ್ಲಿ ತೂತುಗಳಿಂದ ಕೂಡಿದ ಕಪ್ಪು ಸ್ವೆಟರನ್ನು ಹೆಣೆಯಿಸಿ ಅದನ್ನೇ ಲೇಸು ಎಂದು ಕರೆದಳು. ಅಲ್ಲಿ ಹರಿಕು ನೆಯ್ಗೆಯ ಭಾಗವೇ ಆಯಿತು.

ಮೂವರಲ್ಲಿಯೂ ಬುದ್ಧಿಯ ತೀಕ್ಷ್ಣತೆಯಿದೆ, ಸಂಪ್ರದಾಯವನ್ನು ಕೆಣಕುವ ಎದೆಗಾರಿಕೆಯಿದೆ. ಅಂದವೆಂದರೆ ಹೊಸತು, ಇಡಿ, ನುಣುಪು ಎಂಬ ನಂಬಿಕೆಯನ್ನು ಅವರು ಅಲುಗಿಸಿದರು. ಆದರೆ ಮೂವರ ಹರಿಕಿಗೂ ಒಂದೇ ಗತಿಯಾಯಿತು. ಸ್ಕಿಯಾಪರೆಲ್ಲಿಯ ನಿಲುವಂಗಿಯು ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯವನ್ನು ಸೇರಿತು. ೨೦೦೪ರಲ್ಲಿ ವೆಸ್ಟ್‌ವುಡ್ಡಳ ಕೃತಿಗಳ ದೊಡ್ಡ ಪ್ರದರ್ಶನವೂ ಅಲ್ಲಿಯೇ ನಡೆಯಿತು, ೨೦೦೬ರಲ್ಲಿ ಆಕೆಗೆ ಡೇಮ್ ಪದವಿಯೂ ಬಂತು. ಹರಿದ ಅಂಗಿಯು ಇಂದು ಅಂಗಡಿಯಲ್ಲಿ ಹರಿಯದ ಅಂಗಿಗಿಂತ ತುಟ್ಟಿ. ಹರಿದವರು ಅದನ್ನು ಮಾಡಿದವರೇ ಆದುದರಿಂದ ಹರಿಕೂ ಅವರ ಕೈಯ ಮುದ್ರೆಯಾಯಿತು, ಮುದ್ರೆಯು ಬೆಲೆಯಾಯಿತು. ಇದು ಅವರ ದೋಷವೆನ್ನುವುದಕ್ಕಿಂತ ಮಾರುಕಟ್ಟೆಯ ಜೀರ್ಣಶಕ್ತಿಯೆನ್ನುವುದು ನ್ಯಾಯ.

ಮುದನೂರಿನ ಕಥೆಯ ವೈಲಕ್ಷಣ್ಯವು ಇಲ್ಲಿ ಕಾಣುತ್ತದೆ. ದಾಸಿಮಯ್ಯನು ತನ್ನ ವಸ್ತ್ರವನ್ನು ತಾನು ಹರಿಯಲಿಲ್ಲ. ಕೊಳ್ಳದೆ ಪಡೆದವನು ಹರಿದನು. ಮಾಡಿದವನಿಗೆ ಉಳಿದ ಕೆಲಸವು ನೋಡುತ್ತ ನಿಲ್ಲುವುದು ಮಾತ್ರ. ಕಲಾವಿದನು ತನ್ನ ಕೃತಿಯನ್ನು ಕೊಟ್ಟಮೇಲೆ ಅದರ ಮೇಲೆ ತನಗೆ ಯಾವ ಅಧಿಕಾರವಿದೆ ಎಂಬ ಕಠಿಣವಾದ ಪ್ರಶ್ನೆಯನ್ನು ಕಥೆಯು ಕೇಳುತ್ತದೆ. ಯಾವ ಅಧಿಕಾರವೂ ಇಲ್ಲವೆಂಬ ಇನ್ನೂ ಕಠಿಣವಾದ ಉತ್ತರವನ್ನು ಕೊಡುತ್ತದೆ. ನೆಯ್ದವನು ತಾನೋ ರಾಮನಾಥನೋ ಎಂದು ವಚನದಲ್ಲಿ ಕೇಳಿದವನಿಗೆ, ಹರಿಯುವ ಕೈಯೂ ರಾಮನಾಥನದಾದಾಗ ದುಃಖಿಸಲು ಎಡೆಯೆಲ್ಲಿ? ವಚನದ ಪ್ರಶ್ನೆಯನ್ನು ಕಥೆಯು ಪರೀಕ್ಷೆಗೆ ಒಡ್ಡಿದೆ.

೬

ಆದರೆ ಕಥೆಯು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅದು ಮುಗಿಯದೆ ತವನಿಧಿಯವರೆಗೆ ಸಾಗುತ್ತದೆ. ಬೆಲೆಯಿಲ್ಲವೆಂದು ಕೊಟ್ಟುದಕ್ಕೆ ಕಡೆಗೆ ಬೆಲೆ ಬಂದೇ ಬಂತು; ಅದೂ ಎಂದೆಂದಿಗೂ ತೀರದಷ್ಟು. ಮಾರುಕಟ್ಟೆಯಲ್ಲಿ ಸೋತ ವಸ್ತ್ರವು ದೇವರ ಲೆಕ್ಕದಲ್ಲಿ ಲಾಭವಾಯಿತೆಂದರೆ, ಆಧುನಿಕರ ಹರಿದ ಅಂಗಿಗೂ ಇದಕ್ಕೂ ಇರುವ ಅಂತರವು ಕಿರಿದಾಗುವುದಿಲ್ಲವೇ? ಈ ಶಂಕೆಯನ್ನು ಭಕ್ತಿಯ ಹೆಸರಿನಲ್ಲಿ ತಳ್ಳಿಬಿಡುವುದು ಸರಿಯಲ್ಲ; ಪುರಾಣಕಾರನ ಮನಸ್ಸಿನಲ್ಲಿ ಪ್ರತಿಫಲದ ಆಸೆಯು ಸುಳಿದಿದೆಯೆಂಬುದನ್ನು ಒಪ್ಪಲೇಬೇಕು.

ಗಮನಿಸತಕ್ಕ ಸಂಗತಿಯೆಂದರೆ, ಈ ಶಂಕೆಯು ಇಂದಿನ ಓದುಗನಿಗೆ ಮಾತ್ರ ಹುಟ್ಟಿದುದಲ್ಲ. ಶರಣಪರಂಪರೆಯೇ ಇದನ್ನು ಮೊದಲು ಕಂಡಿತು. ಬಸವಣ್ಣನ ವಚನಗಳಲ್ಲಿ ದಾಸನ ತವನಿಧಿಯ ಪ್ರಸ್ತಾಪ ಬಂದಾಗ, ತಾನು ಅಂತಹುದನ್ನು ಬೇಡುವವನಲ್ಲವೆಂಬ ಧ್ವನಿಯು ಕೇಳುತ್ತದೆ. ಬಣ್ಣಗಾರನಾದ ಶಂಕರದಾಸಿಮಯ್ಯನ ಕಥೆಯು ಇನ್ನೂ ನೇರವಾದುದು: ತವನಿಧಿಯುಳ್ಳವನಾಗಿ ದಾಸಿಮಯ್ಯನಲ್ಲಿ ಗರ್ವ ತಲೆಯೆತ್ತಿತು, ಬಡವನಾದ ಶಂಕರದಾಸಿಮಯ್ಯನಿಗೆ ದಾನ ಮಾಡಹೊರಟನು, ಆಗ ತವನಿಧಿಯು ಬರಿದಾಗಿ ಗರ್ವ ಮುರಿಯಿತು ಎಂದು ಅದು ಹೇಳುತ್ತದೆ. ನೂಲಿಗೆ ಬಣ್ಣವಿಡುವವನು ನೂಲು ನೆಯ್ದವನನ್ನು ತಿದ್ದಿದನು. ಒಂದು ಕಥೆಯು ಕೊಟ್ಟ ಬೆಲೆಯನ್ನು ಇನ್ನೊಂದು ಕಥೆಯು ಹಿಂದಕ್ಕೆ ಪಡೆಯಿತು. ಪರಂಪರೆಯು ತನ್ನ ನಾಯಕನನ್ನು ಹೊಗಳಿ ಸುಮ್ಮನಾಗದೆ, ತಾನೇ ವಿಮರ್ಶೆ ಮಾಡಿಕೊಂಡುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇದೇ ಎಡೆದೊರೆನಾಡಿನಲ್ಲಿ ಆರು ಶತಮಾನಗಳ ಅನಂತರ, ಬೇರೊಂದು ಮತದ ಆವರಣದಲ್ಲಿ, ಕೊಡುಗೆಯ ಇನ್ನೊಂದು ಕಥೆ ಹುಟ್ಟಿತು. ಮಾನ್ವಿಯಲ್ಲಿ ನೆಲಸಿ ಹರಿಕಥಾಮೃತಸಾರವನ್ನು ರಚಿಸಿ ೧೮೦೯ರಲ್ಲಿ ತೀರಿಕೊಂಡ ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತಪಂಡಿತರಾಗಿದ್ದು, ಕನ್ನಡದ ಹಾಡುಗಳ ವಿಜಯದಾಸರನ್ನು ಕಡೆಗಣಿಸಿ, ಆ ಕಾರಣದಿಂದ ವ್ಯಾಧಿಗೆ ಒಳಗಾದರೆಂದೂ, ದೇವದುರ್ಗದ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ ದಾಸಪರಂಪರೆಯ ಹೇಳಿಕೆ. ಇಲ್ಲಿ ಕೊಟ್ಟವರಿಗೆ ತವನಿಧಿ ದೊರೆಯಲಿಲ್ಲ. ದೊರೆತುದು ಪಡೆದವರು ರಚಿಸಿದ ಕಾವ್ಯ. ಪಂಡಿತವೇಷವನ್ನು ಕಳಚಿ, ಮನೆಮನೆಯ ಮುಂದೆ ಹಾಡುವ ದಾಸನ ವೇಷವನ್ನು ತೊಟ್ಟುದು ಆ ಕಾಲದ ವಿದ್ವತ್ಸಮಾಜಕ್ಕೆ ಸಣ್ಣ ಕೆಣಕಾಗಿರಲಾರದು. ಮುದನೂರು, ಮೊಸರಕಲ್ಲು, ಮಾನ್ವಿಗಳ ಕಥೆಗಳನ್ನು ಹೀಗೆ ಒಂದೆಳೆಯಲ್ಲಿ ಪೋಣಿಸುವುದು ಮತಗಳ ಭೇದವನ್ನು ಅಳಿಸುವುದಕ್ಕಲ್ಲ. ಹೊದ್ದುದನ್ನು ಬಿಡುವುದೂ, ಇದ್ದುದನ್ನು ಕೊಡುವುದೂ ಈ ನೆಲದ ಕಥನಕಲ್ಪನೆಯಲ್ಲಿ ಮತ್ತೆ ಮತ್ತೆ ಕೂಡಿಕೊಂಡಿವೆಯೆಂಬುದನ್ನು ತೋರಿಸುವುದಕ್ಕೆ.

೭

ದಾಸಿಮಯ್ಯನು ಬಿಟ್ಟುಹೋದ ಸಂಪತ್ತನ್ನು ಎರಡು ಬಗೆಯ ಜನರು ಕಾಪಾಡಿದರು. ಒಬ್ಬರು ವಿದ್ವಾಂಸರು. ಫ. ಗು. ಹಳಕಟ್ಟಿಯವರು ಬಿಜಾಪುರದಲ್ಲಿ ಓಲೆಗರಿಗಳನ್ನು ಕೂಡಿಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಮೇಲೆ ಆದ್ಯವಚನಕಾರರ ನುಡಿಗಳು ಸಾಹಿತ್ಯಾಭ್ಯಾಸಿಗಳ ಕೈಗೆ ಬಂದವು. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನವು ಸೇರಿದಾಗ ಆ ನಗರವು ನಿಜಾಮರ ಆಳ್ವಿಕೆಯಲ್ಲಿತ್ತು. ಅಂತಹ ಕಾಲದಲ್ಲಿ ಈ ಭಾಗದ ಕನ್ನಡಿಗರಿಗೆ ತಮ್ಮ ನದಿಯಾಚೆಯ ನೇಕಾರನೊಬ್ಬನು ವಚನದ ಮೊದಲಿಗರಲ್ಲಿ ಒಬ್ಬನೆಂಬ ಅರಿವು ಬೆಲೆಯುಳ್ಳದ್ದು.

ಇನ್ನೊಬ್ಬರು ನೇಕಾರರೇ. ದೇವಾಂಗ ಸಮಾಜದ ಪುರಾಣದಂತೆ, ದೇವಮಾನವರಿಗೆ ಉಡುಗೆ ಕೊಡಲೆಂದು ಶಿವನು ದೇವಲನನ್ನು ಸೃಷ್ಟಿಸಿದನು. ದೇವಲನು ವಿಷ್ಣುವಿನ ನಾಭಿಕಮಲದ ನಾಳದಿಂದ ನೂಲನ್ನು ತಂದನು. ಅಡ್ಡಬಂದ ದೈತ್ಯರನ್ನು ಚೌಡೇಶ್ವರಿಯು ಕೊಂದಾಗ ಅವರ ರಕ್ತದಿಂದ ನೂಲಿಗೆ ಬಣ್ಣಗಳಾದವು. ಆ ದೇವಲನ ಕಡೆಯ ಅವತಾರವೇ ದಾಸಿಮಯ್ಯ. ಕಸಬಿಗೆ ಇಷ್ಟು ದೊಡ್ಡ ಮನೆತನವನ್ನು ಕಲ್ಪಿಸಿಕೊಂಡ ಸಮಾಜವು ಆತನನ್ನು ‘ದೇವರ’ ದಾಸಿಮಯ್ಯನೆಂದು ಕರೆಯಲಿಚ್ಛಿಸುವುದು ಸಹಜ. ಸರಕಾರದ ಜಯಂತಿಯೂ ಆ ಹೆಸರಿನಲ್ಲಿಯೇ ನಡೆಯುತ್ತದೆ. ಕಸಬಿನ ಹೆಸರನ್ನು ಲೋಕವು ಹೀನಾರ್ಥದಲ್ಲಿ ಬಳಸಿದ ನೋವು ಇದರ ಹಿಂದೆ ಇರುವುದರಿಂದ, ಈ ಇಚ್ಛೆಯನ್ನು ಹಗುರವಾಗಿ ಕಾಣಲಾಗದು.

ಆದರೂ ವಿಮರ್ಶೆಯು ಒಂದು ಮಾತನ್ನು ಹೇಳಲೇಬೇಕು. ‘ಜೇಡರ’ ಎಂಬ ವಿಶೇಷಣವನ್ನು ಮರೆತರೆ ಕವಿಯ ಹೆಸರು ಎತ್ತರವಾಗಬಹುದು, ಕವಿತೆಯು ಬಡವಾಗುವುದು. ಉಂಕೆ ಲಾಳಿಗಳ ವಚನವನ್ನು ನುಡಿಯಬಲ್ಲವನು ಜೇಡನೇ. ತಾನು ನೆಯ್ಯುವ ಸೀರೆಯೊಳಗಿನ ಆತ್ಮವು ಹೆಣ್ಣೂ ಅಲ್ಲ ಗಂಡೂ ಅಲ್ಲವೆಂದು ಹೇಳಿದಾಗ ಆ ಮಾತಿಗೆ ಕಾವು ಬರುವುದು ಅವನು ಜೇಡನಾದುದರಿಂದಲೇ. ಇಂದು ಯಂತ್ರದ ಮಗ್ಗಗಳ ಮುಂದೆ ಕೈಮಗ್ಗವು ಹಿಂಜರಿಯುತ್ತಿದೆ; ನೆರೆಯ ಇಳಕಲ್ಲಿನಲ್ಲಿ ಸೆರಗನ್ನೂ ಒಡಲನ್ನೂ ಕೊಂಡಿಯಿಂದ ಕೂಡಿಸುವ ಸೀರೆಯನ್ನು ಎಡೆದೊರೆಯ ಹೆಂಗಸರು ಇನ್ನೂ ಉಡುತ್ತಾರೆ. ಆ ಕೊಂಡಿಯ ಕೆಲಸವನ್ನು ಬಲ್ಲ ಕೈಗಳು ಇರುವವರೆಗೆ ದಾಸಿಮಯ್ಯನ ವಚನಕ್ಕೆ ಬದುಕಿರುವ ನಿಘಂಟೊಂದು ಇರುತ್ತದೆ. ಸಂಪಾದಕರು ಓಲೆಗರಿಗಳನ್ನು ಹುಡುಕಿದಷ್ಟೇ ಶ್ರದ್ಧೆಯಿಂದ ಮಗ್ಗದ ಮಾತುಗಳನ್ನೂ ನೇಕಾರರ ಬಾಯಿಂದ ಬರೆದಿಟ್ಟುಕೊಳ್ಳಬೇಕಾದುದು ಈಗಿನ ಕರ್ತವ್ಯ. ಹರಿದುಹೋದ ಆ ವಸ್ತ್ರವನ್ನು ಮತ್ತೆ ಕಾಣುವ ಬಗೆಯಿಲ್ಲ. ಅದನ್ನು ನೆಯ್ದ ನುಡಿಯಾದರೂ ಹರಿಯದೆ ಉಳಿಯಲಿ.